ಕಬ್ಬಿಣ, ಇತ್ಯಾದಿ

ಆರಿಂಚಿನ ಮೊಳೆ ಬೇಕೆಂದಳು.
ಎಷ್ಟು ಕಿಲೋ ಎಂದೆ.
ಒಂದು ಎಂದಳು. ಕಿಲೋ ಅಲ್ಲ,
ಒಂದು ಮೊಳೆ.

ಬೇಳ ಇಗರ್ಜಿಯ ಬ್ಯಾಂಡಿನ ಹುಡುಗಿ, ಫೆಲ್ಸಿ ಕ್ರಾಸ್ತಾ.
ಚೀಲದಿಂದ ತೆಗೆದದ್ದು ಉಕ್ಕಿನದೊಂದು ಮುಕ್ಕೋನ,
ಒಂದು ಮೂಲೆ ಕೂಡಿಸದೆ ಹಾಗೇ ಬಿಟ್ಟದ್ದು.
ತೂಗುಹಾಕಲು ಗೋಣಿದಾರ ಕೊಟ್ಟೆ.
ಅದನ್ನು ಆಚೆ ಸರಿಸಿ
ಜೇಬಿನಿಂದ ಗಾಳದ ನೂಲು ಎಳೆದಳು.
ದಪ್ಪ ದಾರ ಸ್ವರವನ್ನು ನುಂಗುತ್ತದಂತೆ.
ನೀರ್ಚಾಲಿನಲ್ಲಿ ಇಷ್ಟು ವರ್ಷ ದಾರ ಮಾರಿದೆ,
ಅದಕ್ಕೆ ಬಾಯಿದೆ ಎಂದು ಯಾರೂ ದೂರು ತಂದಿರಲಿಲ್ಲ.

ತಕ್ಕಡಿಯ ಕೊಕ್ಕೆಗೇ ಸಿಕ್ಕಿಸಿದಳು, ಕೇಳದೆ.

ಮೊಳೆಯಲ್ಲಿ ಬಡಿದಳು. ಮುಖ ಕಿವುಚಿತು.
ಕೊಡೆಯ ಕಡ್ಡಿ. ಇಲ್ಲ.
ಸ್ಕ್ರೂಡ್ರೈವರಿಗೆ ಹಿಡಿಯೇ ಭಾರ.
ಬಾವಿರಾಟೆಯ ಕೀಲು ಕೊಟ್ಟೆ,
ಇದು ಶಾಲೆ ಬಿಡುವ ಗಂಟೆ ಎಂದಳು.

ನನಗೆ ಒಂದೂ ಕೇಳಿಸಲಿಲ್ಲ.
ಹನ್ನೊಂದು ವರ್ಷ ಕೆಂಪುಕಲ್ಲಿನ ಕೋರೆಯಲ್ಲಿ
ಕೊಯ್ಯುವ ಯಂತ್ರದ ಹಿಂದೆ ನಡೆದವನು.
ಎತ್ತರದ ಸ್ವರಗಳನ್ನೆಲ್ಲ ಅದೇ ಕೊಯ್ದುಕೊಂಡು ಹೋಯಿತು:
ಸೊಳ್ಳೆ, ಫೋನಿನ ಕಿಣಿಕಿಣಿ,
ಕುಕ್ಕರಿನ ಸೀಟಿಯ ತುದಿ.
ಗಿರಾಕಿಗಳ ಗಂಟಲು ಉಳಿದಿದೆ. ಅಂಗಡಿಗೆ ಅಷ್ಟು ಸಾಕು.

ಹೇಳಲಿಲ್ಲ.
ಅವಳ ಹುಬ್ಬು ನೋಡಿಕೊಂಡು ಸಾಮಾನು ಎತ್ತಿ ಕೊಡುತ್ತಾ ಹೋದೆ.

ಪೈಪಿನ ಎಲ್ಬೋ ಕೊಡು ಮಾರಾಯಾ,
ಮನೆಯಲ್ಲಿ ನೀರು ಹೋಗ್ತಾ ಇದೆ, ಎನ್ನುತ್ತಿದ್ದ ಮೊಯ್ದು ಕುಂಞಿ
ಯಾವಾಗ ಒಳಗೆ ಬಂದನೋ,
ಮೂಲೆಯ ಕಟ್ಟಿನಿಂದ ಸೈಕಲ್ ಕಡ್ಡಿಯೊಂದನ್ನು ಎಳೆದು
ಇದರಲ್ಲಿ ನೋಡು ಎಂದ.
ಬಡಿದಳು, ಮುಟ್ಟಿದ್ದೋ ಇಲ್ಲವೋ ಎನ್ನುವಷ್ಟು.
ಮೊಯ್ದು ಕುಂಞಿಯ ಬಾಯಿ ತೆರೆದೇ ಉಳಿಯಿತು.
ತಕ್ಕಡಿಯ ತಟ್ಟೆಯಲ್ಲಿ ಯಾವಾಗಲೋ ಮರೆತ ವಾಶರೊಂದು
ನಡುಗಿತು. ಅದನ್ನು ನಾನು ಕಂಡೆ.

ಮೆಲ್ಲಗೆ ನುಡಿಯುವಲ್ಲಿಗೆ ಇದು, ಎಂದಳು.
ಗಟ್ಟಿಗೆ ಬೇರೆ ಬೇಕು.
ವೆಲ್ಡಿಂಗ್ ರಾಡಿನ ಸಿಪ್ಪೆ ಉದುರಿಸಿ ಅರ್ಧ ಮುರಿದು ಕೊಟ್ಟೆ.

ಆಮೇಲೆ ಪೆಟ್ಟಿಗೆ ತೆರೆದಳು. ಬೆಲ್ಸ್ ಅಂತೆ.
ಹಲ್ಲಿನ ಸಾಲಿನ ಹಾಗೆ ಪುಟ್ಟ ಪುಟ್ಟ ಉಕ್ಕಿನ ಪಟ್ಟಿ,
ಕೋಲುಗಳಿಗೆ ಮಾತ್ರ ತಲೆಯಿಲ್ಲ.
ಕರ್ಟನ್ ಸರಳಿನ ಹಿತ್ತಾಳೆ ಗುಂಡು ಸಿಕ್ಕಿಸಿ ನೋಡಿದಳು:
ಇದು ಬೈಯುತ್ತದೆ.
ರಬ್ಬರ್ ಬುಷ್: ಇದು ಗುಟ್ಟು ಹೇಳುತ್ತದೆ.
ಹಿಂದಿನ ಬೆಂಚಿಗೆ ಮುಟ್ಟಬೇಕು,
ಮುಂದಿನ ಬೆಂಚಿನ ಮಗು ಏಳಬಾರದು.
ಡ್ರಾವರಿನ ಪ್ಲಾಸ್ಟಿಕ್ ಗುಬುಟು, ಬಿಳಿಯದು, ಎರಡು.
ಹುಬ್ಬು ಇಳಿಯಿತು.

ಎಷ್ಟು ಸಲ ಬಡಿಯಲಿಕ್ಕುಂಟು ಇದನ್ನೆಲ್ಲ?
ಮುಕ್ಕೋನ, ಇಡೀ ಪೂಜೆಗೆ ಮೂರು ಸಲ.
ಉಳಿದ ಹೊತ್ತು?
ಎಣಿಸುವುದು.
ನನ್ನ ವ್ಯಾಪಾರದ ಹಾಗೆಯೇ ಎಂದೆ.
ನಗಲಿಲ್ಲ. ಆಗಲೂ ಎಣಿಸುತ್ತಿದ್ದಳೇನೋ.

ಫಾದರ್ ಬಿಲ್ಲು ಕೇಳುತ್ತಾರೆ ಎಂದಳು.
ಪೆನ್ನು ತೆಗೆದೆ. ಏನೆಂದು ಬರೆಯುವುದು?
ಕಡ್ಡಿ ಒಂದು, ಮುರುಕು ರಾಡು, ಗುಬುಟು ಎರಡು,
ಮಧ್ಯಾಹ್ನ ಮುಕ್ಕಾಲು ಗಂಟೆ.
ಕಬ್ಬಿಣ, ಇತ್ಯಾದಿ ಎಂದು ಬರೆದೆ.
ಮೂವತ್ತೆಂಟು ರೂಪಾಯಿ.

ಅವಳು ಹೋದಳು. ಎಲ್ಬೋ ಮರೆತು
ಮೊಯ್ದು ಕುಂಞಿಯೂ ಹೋದ.
ಐತ್ತಪ್ಪ ಬಂದು ಒಂದು ಕಿಲೋ ಮೊಳೆ ಎಂದ.
ತೂಗಿದೆ. ಮುಳ್ಳು ನಿಲ್ಲುವವರೆಗೆ ಕಾದೆ,
ಕಟ್ಟಿ ಕೊಟ್ಟೆ, ದುಡ್ಡು ಎಣಿಸಿಕೊಂಡೆ.
ಅವನು ತಿರುವು ದಾಟಿದ ಮೇಲೆ ನೋಡಿದರೆ
ವಾಶರು ತಟ್ಟೆಯಲ್ಲೇ ಇತ್ತು.