ಎಡಗಡೆಯ ಹಿಂಜೇಬು

ಮಸೇರು ಊರಿನ ಥೆಟ್ಸಾನೆ. ಶನಿವಾರ, ಪಾಳಿ ಬಿಟ್ಟ ಮೇಲೆ
ಚರ್ಚಿನ ಹಿಂದಿನ ತಗಡಿನ ಕೋಣೆಯಲ್ಲಿ
ಹದಿನಾಲ್ಕು ಹೆಂಗಸರು, ಒಂದು ಹಸುಗೂಸು, ನಾನು.
ನನ್ನ ಕಂಕುಳಲ್ಲಿ ಸುರುಳಿ ಸುತ್ತಿದ ಬಟ್ಟೆಯ ನಕಾಶೆ:
ಹಡಗಿನ ದಾರಿ, ಸುಂಕದ ಒಪ್ಪಂದ,
ಒಂದನ್ನೊಂದು ಅಟ್ಟಿಸಿಕೊಂಡು ಹೋಗುವ ಕೆಂಪು ಬಾಣ.
ಬಿಚ್ಚುವ ಮೊದಲೇ ನ್ತೊಫೆಲಾ ಆಕಳಿಸಿದಳು.
ತಪ್ಪೇನಿಲ್ಲ, ನಾಲ್ಕೂವರೆಗೆ ಎದ್ದ ಬಾಯಿ ಅದು.

ಪುಸೆಲೆಟ್ಸೊ ಚೀಲದಿಂದ ಒಂದು ಜೀನ್ಸ್ ತೆಗೆದಳು.
ಸಂತೆಯಲ್ಲಿ ಹಳೇ ಬಟ್ಟೆಯ ಗಂಟು ಬಿಚ್ಚುವಾಗ ಸಿಕ್ಕಿತಂತೆ.
ಇಲ್ಲಿಂದಲೇ ಹೋದದ್ದು; ಸಮುದ್ರ ದಾಟಿ
ಯಾರ ಸೊಂಟಕ್ಕೂ ಒಗ್ಗದೆ
ತವರಿಗೆ ಮರಳಿದೆ,
ಬೆಲೆಚೀಟಿ ಇನ್ನೂ ಕೊರಳಲ್ಲೇ.
"ಕತ್ತರಿ ಕೊಡಿ" ಅಂದಳು.

ಹನ್ನೊಂದು ವರ್ಷ ಅವಳು ಹೊಲಿದದ್ದು ಒಂದೇ,
ಎಡಗಡೆಯ ಹಿಂಜೇಬು.
ಬಲಗಡೆಯದು ಲಿನೆಯೊಳದ್ದು, ಬೆಲ್ಟಿನ ಕುಣಿಕೆ ಖೊಪೊಟ್ಸೊಳದ್ದು.
ಇಡೀ ಪ್ಯಾಂಟು ಯಾರದ್ದೂ ಅಲ್ಲ.

ಕಂಬಳಿ ಹಾಸಿ, ಬಿಚ್ಚಿದ ತುಂಡುಗಳನ್ನು ಹರವಿ
ಮೆಕ್ಕೆಜೋಳ ಎಣಿಸಿದೆವು. ಚೀಟಿಯ ಬೆಲೆಗೆ ನೂರು ಕಾಳು.
ಅಂಗಡಿಗೆಷ್ಟು? ಜಾಹೀರಾತಿನ ಹುಡುಗಿಯ ನಗೆಗೆಷ್ಟು?
ಹಡಗಿಗೆ? ನೂಲಿಗೆ? ಕಾರ್ಖಾನೆಯ ಯಜಮಾನನಿಗೆ?
ನಾನು ಓದಿಕೊಂಡ ಲೆಕ್ಕ ಹೇಳುತ್ತ ಹೋದೆ,
ಕಾಳು ಸರಿಯುತ್ತ ಹೋಯಿತು,
ಕೊನೆಗೆ ಹದಿನಾಲ್ಕು ಜನರ ಮುಂದೆ ಎರಡು.
ಯಾರೂ ಕೂಗಲಿಲ್ಲ.
ಖೊಪೊಟ್ಸೊ ಒಂದನ್ನು ಹಲ್ಲಿನಲ್ಲಿ ಕಡಿದು, ನುಂಗಿ,
ಉಳಿದರ್ಧ ಅಂಗೈಗೆ ಉಗಿದು ಕೇಳಿದಳು:
"ನನ್ನ ಮಗು ನೋಡಿಕೊಳ್ಳುವ ಅಮ್ಮನ ಪಾಲು ಇದರಲ್ಲಿ ಎಲ್ಲಿದೆ?"

ನಕಾಶೆಯಲ್ಲಿ ಅದಕ್ಕೆ ಬಾಣವಿರಲಿಲ್ಲ.

ಆಮೇಲೆ ಕಟ್ಟೆ ಒಡೆಯಿತು.
ಕತ್ತಲಲ್ಲಿ ಎರಡು ಮೈಲಿ ಮುಷ್ಟಿಯಲ್ಲಿ ಕಲ್ಲು ಹಿಡಿದು ನಡೆಯುತ್ತೇನಲ್ಲ,
ಆ ಕಲ್ಲಿನ ಬೆಲೆ?
ಹಳ್ಳದ ನೀರು ನೀಲಿಯಾಯಿತಲ್ಲ, ಅದು ಯಾರ ಬಾಬತ್ತು?
ಗುತ್ತಿಗೆ ಮುಂದುವರಿಸುವ ದಿನ ಮೇಲ್ವಿಚಾರಕ
ಬಾಗಿಲು ಹಾಕಿಕೊಳ್ಳುತ್ತಾನಲ್ಲ,
ಅದನ್ನು ಯಾವ ತುಂಡಿನ ಮೇಲಿಡಲಿ?
(ಇದನ್ನು ಕೇಳಿದವಳ ಹೆಸರು ನಾನು ಬರೆಯುವುದಿಲ್ಲ.)
ಕಾಳು ಸಾಲದೆ ಬೆಣಚುಕಲ್ಲು ತಂದರು, ಗುಂಡಿ, ಹೇರ್‌ಪಿನ್ನು,
ಕೂಸಿನ ಕೈಯ ಗಿಲಕಿ.
ಕಂಬಳಿಯ ತುಂಬ ಯಾರೂ ತೆರದ ಬಾಕಿ.

ನ್ತೊಫೆಲಾಗೆ ನಿದ್ದೆ ಹಾರಿಹೋಗಿತ್ತು.
"ಓದು ಬರುತ್ತೆ ನಮಗೆ" ಅಂದಳು ನನ್ನ ಕಡೆ ತಿರುಗಿ,
"ಸಂಬಳದ ಚೀಟಿಯ ಹಿಂಬದಿ ಯಾರೂ ತೋರಿಸಿರಲಿಲ್ಲ."

ಹೋಗುವ ಮುನ್ನ ಮತ್ತೆ ಹೊಲಿದರು,
ಕೈಸೂಜಿಯಲ್ಲಿ, ಒಬ್ಬೊಬ್ಬಳೂ ತನ್ನದಲ್ಲದ ತುಂಡು ಆರಿಸಿಕೊಂಡು.
ಸೊಟ್ಟಗಾಯಿತು. ಒಂದು ಕಾಲು ಗಿಡ್ಡ. ನಕ್ಕೂ ನಕ್ಕೂ
ಕೂಸು ಎದ್ದು ಅತ್ತಿತು.
ಎಡಜೇಬು ಹಚ್ಚಲು ಮಾತ್ರ ಪುಸೆಲೆಟ್ಸೊ ಬಿಡಲಿಲ್ಲ.
ಅದರ ಬೆನ್ನಿಗೆ ನನ್ನ ನಕಾಶೆಯ ಮೂಲೆ ಕತ್ತರಿಸಿ ಕೊಟ್ಟೆ,
ಒಂದು ಬಂದರು, ಅರ್ಧ ಬಾಣ.
ಬಾಗಿಲ ಮೊಳೆಗೆ ತೂಗುಹಾಕಿ ಅಂದಳು:
"ಲಕ್ಷ ಹೊಲಿದಿದ್ದೇನು. ಒಂದರೊಳಗೂ ಕೈ ಹಾಕಿರಲಿಲ್ಲ."
ಹೊಟ್ಟೆಬಟ್ಟೆ ಕಟ್ಟಿ ಉಳಿಸಿದ್ದರಲ್ಲಿ ಐದು ಮಲೋಟಿ ಇಳಿಬಿಟ್ಟಳು,
ಇನ್ನೂ ಹೆಸರಿಡದ ಸಂಘದ ಮೊದಲ ವಂತಿಗೆ.

ಸೋಮವಾರ ಏಳಕ್ಕೆ ಗೇಟು.
ಕಾಳನ್ನೆಲ್ಲ ಲಿನೆಯೊ ಆರಿಸಿ ಸೆರಗಿಲ್ಲದ ಅಂಗಿಯ ಮಡಿಲಲ್ಲಿ
ಮನೆಗೊಯ್ದಳು, ರಾತ್ರಿಯ ಗಂಜಿಗೆ.
ತೊಂಬತ್ತೊಂಬತ್ತೂವರೆ.
ಎಣಿಸಿಯೇ ಒಯ್ದಳು.