ಆನಿಕೆ

ಸೋತದ್ದು ಮೂರೇ ಪಾಯಿಂಟಿಗೆ.
ಸ್ಕೋರು ಬರೆದವನು ನಾನೇ, ಬಲ್ಲೆ:
ಅರವತ್ತೊಂದು, ಐವತ್ತೆಂಟು.
ನನ್ನ ಪಟ್ಟಿಯಲ್ಲಿ ಅಂಕಿಗಳು ಕನ್ನಡದವು,
ಫೋರ್ಟಿನ ರಾತ್ರಿಶಾಲೆಯಲ್ಲಿ ತಿದ್ದಿದ ೩, ೫, ೮;
ಎದುರು ತಂಡದವರು ಬಗ್ಗಿ ನೋಡಿದರೂ
ಅವರಿಗೆ ಕಾಣುವುದು ಜಿಲೇಬಿಯೇ.

ಹೀಗೆ ಒಂಬತ್ತು ವರ್ಷ.
ಒಮ್ಮೆ ಮೂರನೆಯವರು, ಉಳಿದಂತೆ ನಾಲ್ಕನೆಯವರು.
ಯಾರೂ ನಮ್ಮನ್ನು ನೋಡಿ ನಗುವುದಿಲ್ಲ,
ಕಂಡು ಹೆದರುವುದೂ ಇಲ್ಲ.
'ಒಳ್ಳೆಯ ತಂಡ' ಅನ್ನುತ್ತಾರೆ,
ಹೆಣ್ಣು ನೋಡಲು ಬಂದವರು ಎದ್ದು ಹೋಗುವಾಗ
ಉಪ್ಪಿಟ್ಟು ಚೆನ್ನಾಗಿತ್ತು ಅಂದ ಹಾಗೆ.

ರಾತ್ರಿ ಹತ್ತೂವರೆಗೆ ನಾಗಪಾಡಾದ ಕೋರ್ಟಿನ ಮಗ್ಗುಲಲ್ಲಿ
ಪ್ಲಾಸ್ಟಿಕ್ ಕುರ್ಚಿ ಎಳೆದುಕೊಂಡು ಕಮಿಟಿ ಕೂತಿತು.
ಕೋಚ್ ಹೋಶಂಗ್ ಕಟಿಂಗ್ ಚಹಾ ಕೆಳಗಿಡದೆಯೇ ಹೇಳಿದರು:
'ಕೆಡವಿ ಕಟ್ಟೋಣ.
ಮೂವತ್ತು ದಾಟಿದವರು ಬಿಡಲಿ, ಹದಿನಾರರವರು ಬರಲಿ.
ಮೂರು ವರ್ಷ ಸೋಲೋಣ, ಹೊಟ್ಟೆತುಂಬ ಸೋಲೋಣ.
ನಾಲ್ಕನೇ ವರ್ಷ ನೋಡಿ.'

ಕೆಡವಿ ಕಟ್ಟೋಣ.
ಈ ಮಾತು ನಮಗೇನು ಹೊಸದೆ?
ಕೋರ್ಟಿನ ಬೆನ್ನಿಗೇ ನಮ್ಮ ಚಾಳು,
ನಾಲ್ಕು ಮಹಡಿ, ಗ್ಯಾಲರಿಯ ಕೆಳಗೆ ಓರೆಯಾಗಿ ನಿಂತ ದಿಮ್ಮಿಗಳು;
ಇಲ್ಲಿಯವರು ಟೇಕು ಎನ್ನುತ್ತಾರೆ,
ಆನಿಕೆ ಅನ್ನುತ್ತಿದ್ದಳು ನನ್ನ ತಾಯಿ.
ಬಿಲ್ಡರ್ ಎಷ್ಟು ಸಲ ಬಂದ, ಎಷ್ಟು ಬಣ್ಣದ ನಕ್ಷೆ ಹಾಸಿದ!
ಪಕ್ಕದ ಚಾಳಿನವರು ನಂಬಿದರು.
ಮೂರೇ ವರ್ಷ ಎಂದು ಟ್ರಾನ್ಸಿಟ್ ಕ್ಯಾಂಪಿಗೆ ಹೋದ ಪಾಟ್ಕರ್ ಮಾವಶಿ
ಹದಿನೇಳು ವರ್ಷದಿಂದ ಮಾನಖುರ್ದಿನಿಂದಲೇ
ದೀಪಾವಳಿಯ ಚಕ್ಕುಲಿ ಕಳಿಸುತ್ತಾಳೆ.
ಅವಳ ಮನೆಯಿದ್ದಲ್ಲಿ ತಗಡಿನ ಬೇಲಿ,
ಬೇಲಿಯೊಳಗೆ ಹೊಂಡ,
ಹೊಂಡದಲ್ಲಿ ಒಂದು ಬೆಳ್ಳಕ್ಕಿ.

ಹಾಗಂತ ಆನಿಕೆಯನ್ನೇ ಹೊಗಳಲೆ?
ಇಮ್ತಿಯಾಜನ ಮಂಡಿ ಕಂಡವನು ನಾನು.
ಆಟಕ್ಕೆ ಮುಂಚೆ ಎರಡು ಸುತ್ತು ಪಟ್ಟಿ, ಮುಗಿದ ಮೇಲೆ ಐಸು,
ಮೆಟ್ಟಿಲು ಹತ್ತುವಾಗ ಕೈಯಿಂದ ತೊಡೆಯನ್ನು ಎತ್ತಿಡುತ್ತಾನೆ.
ಮೂವತ್ತಾರು. ಬೇಕರಿಯಲ್ಲಿ ಬೆಳಗಿನ ಪಾಳಿ.
ಕೊನೆಯ ನಿಮಿಷಕ್ಕೆ ಚೆಂಡು ಅವನ ಕೈಗೇ ಹೋಗುತ್ತದೆ,
ಎಲ್ಲರಿಗೂ ಗೊತ್ತು, ಎದುರಿನವರಿಗೂ.
'ಈ ಮಳೆಗಾಲ ದಾಟಿದರೆ ಸಾಕು' ಎಂದು
ಕಿರುಗುಟ್ಟುವ ಮಾಡಿನ ಕೆಳಗೆ ನಾವು ಮಲಗುವ ಹಾಗೆ
'ಈ ಸೀಸನ್ ದಾಟಿದರೆ' ಅನ್ನುತ್ತಲೇ ಒಂಬತ್ತು ದಾಟಿದೆವು.

ಅವನೂ ಅಲ್ಲೇ ಇದ್ದ,
ಬೂಟಿನ ಲೇಸು ಬಿಚ್ಚುತ್ತ,
ಇನ್ಯಾರದೋ ಸುದ್ದಿಯೆಂಬಂತೆ ಕೇಳುತ್ತ.

ಖಜಾಂಚಿ ಫೆಲಿಕ್ಸ್ ಕೆಮ್ಮಿದ:
'ಕೊನೆಯವರಾದರೆ ಯಾವ ರೈಲ್ವೆ, ಯಾವ ಬ್ಯಾಂಕು
ನಮ್ಮ ಹುಡುಗರನ್ನು ಕರೆದೀತು?
ಟ್ರೋಫಿ ತಿನ್ನಲಾಗುವುದಿಲ್ಲ, ಸ್ಪೋರ್ಟ್ಸ್ ಕೋಟಾ ತಿನ್ನಬಹುದು.'

ಕೈ ಎತ್ತಿಸಿದರು. ಆಚೆ ನಾಲ್ಕು, ಈಚೆ ನಾಲ್ಕು.
ಉಳಿದದ್ದು ನನ್ನದು.
ಇಪ್ಪತ್ತೆರಡು ವರ್ಷ
ಬೇರೆಯವರು ಮಾಡಿದ್ದನ್ನು ಬರೆದ ಕೈ
ಎತ್ತುವ ಹೊತ್ತಿಗೆ ಪೆನ್ನು ಹುಡುಕಿತು.

ಜಾಲರಿ ಹಿಡಿದು ಝಿಯಾನ್ ನಿಂತಿದ್ದ,
ಹದಿನಾರು, ಅಂಗೈ ಮಾತ್ರ ದೊಡ್ಡವರದು.
'ಇವರನ್ನೆಲ್ಲ ಬಿಡಿಸಿ ನಿನ್ನನ್ನು ಹಾಕಲೇನೋ?' ಅಂದೆ.
ಅವನು ನನ್ನನ್ನಲ್ಲ, ಇಮ್ತಿಯಾಜನನ್ನು ನೋಡಿದ.
'ಇವರನ್ನು ಬಿಡಿಸಿದರೆ ಚಾಚಾ,
ನಾನು ದಾಟುವುದು ಯಾರನ್ನು?'

ಇಮ್ತಿಯಾಜ್ ನಕ್ಕ.
ಬಿಚ್ಚಿದ್ದ ಲೇಸನ್ನು ಮತ್ತೆ ಬಿಗಿದ.
ಲೈಟು ಆರಲು ಇನ್ನೂ ಹನ್ನೆರಡು ನಿಮಿಷವಿತ್ತು.

ಕೋಚು ನನ್ನ ಕೈ ಕಾಯುತ್ತಿದ್ದರು.
ಹೊಸ ಹಾಳೆ ತಿರುವಿ ಎರಡೇ ಹೆಸರು ಬರೆದೆ,
ಒಂದರ ಎದುರು ಇನ್ನೊಂದು.
ಮೊದಲ ಎರಡು ಹುಡುಗನದು.
ಆಮೇಲಿನ ಆರು ಆ ಮಂಡಿಯದು.
ಆಮೇಲೆ ಹುಡುಗ ನಿಂತ, ಉಸಿರು ಎಳೆದುಕೊಂಡ, ನುಗ್ಗಿದ.
೬, ೬.

ಅಷ್ಟರಲ್ಲಿ ಲೈಟು ಆರಿತು.
ಕತ್ತಲೆಯಲ್ಲಿ ಚೆಂಡು ಎರಡು ಸಲ ನೆಲಕ್ಕೆ ಬಡಿಯಿತು,
ರಿಂಗು ಅಲುಗಿತು.
ಯಾರದೆಂದು ತಿಳಿಯದೆ
ಪೆನ್ನಿನ ತುದಿ ಹಾಳೆಗೆ ಒತ್ತಿಕೊಂಡು ಕೂತಿದ್ದೆ.