ಕೈಯಗಲದ ಕಡಲು

ವಿಸ್ಮಾರ್ ಬಂದರಿನ ಬೆನ್ನಿಗೆ, ಹೆರಿಂಗ್ ಮೀನಿನ ವಾಸನೆ
ಇನ್ನೂ ಬಿಟ್ಟುಹೋಗದ ಇಟ್ಟಿಗೆಯ ಉಗ್ರಾಣದಲ್ಲಿ
ಗುರುವಾರ ಸಂಜೆ ನಮ್ಮ ರಿಪೇರಿ ಕೂಟ.
ಸುಟ್ಟ ಟೋಸ್ಟರು, ಮಾತು ನಿಂತ ರೇಡಿಯೋ.
ಬೀಗದ ಕೈ ನನ್ನದು, ಕಾಫಿಯ ಉಸಾಬರಿಯೂ ನನ್ನದೇ.
ಯಾರಿಗೆ ಸಕ್ಕರೆ, ಯಾರಿಗೆ ಹಾಲು, ಬಲ್ಲೆ.
ಆನೆಗ್ರೆಟ್ ಲ್ಯೂಡರ್ಸ್‌ಗೆ ಸದಾ ಅರ್ಧ ಲೋಟ;
ಯಾಕೆಂದು ಕೇಳಿರಲಿಲ್ಲ.

ಆ ದಿನ ಮಾಲ್ಟೆ, ಹದಿನಾಲ್ಕರ ಹುಡುಗ,
ಬಿಸ್ಕತ್ತಿನ ಡಬ್ಬಿಯಲ್ಲಿ ಒಂದು ಹಲಗೆ ತಂದ.
ಸಾಲುಸಾಲು ತೂತು, ತಿರುಗಿಸುವ ಗುಬುಟು,
ಸೇವಿಗೆಯ ಹಾಗೆ ಬಣ್ಣದ ತಂತಿ.
ಕೀಲಿಮಣೆ ಇಲ್ಲ. ಪರದೆ ಇಲ್ಲ.
"ಕಂಪ್ಯೂಟರು" ಅಂದ. ನಾವು ನಕ್ಕೆವು.
"ಹಳೇ ಸೈಕಲ್ ಮಾರಿದ ದುಡ್ಡಿಗೆ ಬಂತು.
ನಕ್ಷೆಯೆಲ್ಲ ಬಿಚ್ಚಿಟ್ಟಿದ್ದಾರೆ, ಗುಟ್ಟೇ ಇಲ್ಲ;
ಒಂದು ಚಿಪ್ಪು ಸುಟ್ಟಾಗ ಅಕ್ಕನೇ ನೋಡಿ ಬೆಸೆದಳು."

ಅದು ಎಣಿಸುವುದಿಲ್ಲ,
ಒಂದು ಎರಡೆಂದು ಬೆರಳು ಮಡಿಸುವುದಿಲ್ಲ.
ಹೌದಿಗೂ ಅಲ್ಲಕ್ಕೂ ನಡುವಿನ ಬಯಲೆಲ್ಲ ಅದರ ಮನೆ.
ತೂಗಾಟದ ಲೆಕ್ಕ ಕೇಳಿದರೆ
ತಾನೇ ತೂಗುತ್ತದೆ.
ಹನಿಗೂಡಿ ಹಳ್ಳವಾಗುವುದು ಅಲ್ಲಿ
ಕಡಲೆಬೀಜದಷ್ಟು ಕೆಪಾಸಿಟರಿನ ಹೊಟ್ಟೆಯಲ್ಲಿ.

ಮಾಲ್ಟೆಗೆ ಅಲೆ ದಕ್ಕಲಿಲ್ಲ.
ತಂತಿ ಕಿತ್ತ, ಚುಚ್ಚಿದ, ಮತ್ತೆ ಕಿತ್ತ.
ಆಸಿಲೋಸ್ಕೋಪಿನ ಹಸಿರು ಗೆರೆ ಒಂದೇ ಸಮ ಏರಿ
ಮೇಲಂಚಿಗೆ ಹಣೆ ಹಚ್ಚಿ ನಿಂತುಬಿಡುತ್ತಿತ್ತು.
ಮಿತಿ ಮೀರಿತೆಂದು ಕೆಂಪು ದೀಪ.

"ಚಿಹ್ನೆ ತಪ್ಪಿದೆ, ಮಗು."
ಇಸ್ತ್ರಿಪೆಟ್ಟಿಗೆ ಮಡಿಲಲ್ಲಿಟ್ಟುಕೊಂಡು
ಬೆಂಚಿನ ಮೇಲೆ ಕಾಯುತ್ತಿದ್ದ ಆನೆಗ್ರೆಟ್.
"ಪ್ರತಿ ಹೊಸಿಲಿಗೂ ಅದು ಮಗುಚಿಕೊಳ್ಳುತ್ತದೆ.
ಎರಡು ದಾಟಿದ್ದೀಯ. ಮೂರನೆಯದು ಬೇಕು."

ಎಲ್ಲರೂ ತಿರುಗಿದೆವು.
ಇಪ್ಪತ್ತರಲ್ಲಿ ಅವಳು ಹಡಗುಕಟ್ಟೆಯ ಲೆಕ್ಕದ ಕೋಣೆಯಲ್ಲಿದ್ದಳಂತೆ.
"ಬೀರುವಿನಷ್ಟು ಯಂತ್ರ. ಚಳಿಗಾಲದಲ್ಲಿ ಅದಕ್ಕೇ ಬೆನ್ನು ಕಾಯಿಸಿಕೊಳ್ಳುತ್ತಿದ್ದೆವು.
ಇನ್ನೂ ಕಟ್ಟದ ಹಡಗು ಅದರೊಳಗಿಳಿಸಿ
ಬಿರುಗಾಳಿ ಬಿಡುತ್ತಿದ್ದೆವು.
ಮಧ್ಯಾಹ್ನದೊಳಗೆ ಮೂರು ಮುಳುಗಿಸಿ ಊಟಕ್ಕೆ ಹೋಗುತ್ತಿದ್ದೆವು."
ಗೋಡೆ ಬಿದ್ದ ಮೇಲೆ ಅದನ್ನು
ತಾಮ್ರದ ತೂಕಕ್ಕೆ ಮಾರಿದರು.
"ನಮ್ಮನ್ನು ತೂಗಲೂ ಇಲ್ಲ."

ಮೂರನೆಯ ತಂತಿ ಕೂತಿತು.
ಗೆರೆ ಬಾಗಿತು, ಇಳಿಯಿತು, ಎದ್ದಿತು,
ಹಲಗೆಯ ಮೇಲೆ ಕೈಯಗಲದ ಕಡಲು.

"ಈ ಗುಬುಟು ಗಾಳಿ," ಅಂದ ಮಾಲ್ಟೆ, "ನೀವೇ ತಿರುಗಿಸಿ."
ಅವಳ ಬಲಗೈ ಕೋಟಿನ ಜೇಬಿನಲ್ಲಿತ್ತು.
ಯಾವಾಗಲೂ ಅಲ್ಲಿಯೇ ಇರುತ್ತಿತ್ತು, ಈಗ ಹೊಳೆಯಿತು.
ತಡೆದು, ತೆಗೆದಳು.

ಗಾಳಿಯ ಗೆರೆಯ ತುಂಬ ಗರಗಸದ ಹಲ್ಲು.
"ತಂತಿ ಸಡಿಲ ಇರಬೇಕು, ಬರೀ ಗದ್ದಲ,"
ಹುಡುಗ ಕೈ ಚಾಚಿದ.
"ಬಿಡು. ಅದು ನಾನು."

ಉಗ್ರಾಣದಲ್ಲಿ ಯಾರೂ ಕೆಮ್ಮಲಿಲ್ಲ.
ಮಾಲ್ಟೆ ಕೆಂಪಾಗಿ, ಏನೂ ತೋಚದೆ,
ತಂತಿಯನ್ನು ಎರಡು ಹೊಸಿಲಾಚೆ ಚುಚ್ಚಿದ, ಹಡಗಿನ ಬಳಿ.
ಅಲ್ಲಿ ಗೆರೆ ನುಣ್ಣಗಿತ್ತು.
ನಡುಕವೆಲ್ಲ ಕೂಡುತ್ತ ಕೂಡುತ್ತ
ಕರಗಿ, ಹಡಗು ತನ್ನ ಪಾಡಿಗೆ
ನಿಧಾನ ಎಡಕ್ಕೆ, ನಿಧಾನ ಬಲಕ್ಕೆ.

"ಕಾಣಿಸುವುದೇ ಇಲ್ಲ," ಅಂದ.
"ಗೊತ್ತು," ಅಂದಳು. "ಭಾರದ ಹಡಗು
ಚಿಲ್ಲರೆ ಅಲೆಗೆ ಹೊರಳುವುದಿಲ್ಲ.
ಎಪ್ಪತ್ತನಾಲ್ಕರಲ್ಲೇ ನೋಡಿದ್ದೆ."
ಆದರೂ ಇನ್ನಷ್ಟು ಹೊತ್ತು ಗಾಳಿಯ ಮೇಲೆ ಕೈಯಿಟ್ಟೇ ಇದ್ದಳು.

ಆಮೇಲೆ ಕೈ ಜೇಬಿಗೆ ಹೋಯಿತು, ನಡುಗುತ್ತಲೇ.
ಇಸ್ತ್ರಿಪೆಟ್ಟಿಗೆಯ ತಂತಿ ಬದಲಿಸಲು ನಮಗೆ ಮರೆತಿತ್ತು.
"ಅರ್ಧ ಸಾಕು," ಅಂದಳು ಎಂದಿನಂತೆ.
ಕಪಾಟು ತಡಕಾಡಿ
ಎರಡು ಲೋಟ ಹಿಡಿಯುವ ಮಗ್ಗೊಂದನ್ನು ಹುಡುಕಿದೆ,
ಅರ್ಧ ಸುರಿದೆ.